ಹೊಲದಲ್ಲಿ ಹೊಸತೊಂದು ಕಂಡಾಗ: ಆಕ್ರಮಣಕಾರಿ ಜೀವಿಗಳ ವರದಿಯಲ್ಲಿ ಜನರ ಪಾತ್ರ

(ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ರೈತರು ಹಾಗೂ ಶಿಕ್ಷಕರನ್ನು ಉದ್ದೇಶಿಸಿದ ಉಪನ್ಯಾಸದ ಪಠ್ಯ)



2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಸುಳಿಯನ್ನು ತಿಂದು ಹಿಕ್ಕೆಯಿಂದ ತುಂಬಿಸುತ್ತಿದ್ದ ಹುಳುವೊಂದು ಅಲ್ಲಿನ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೀಟತಜ್ಞರ ಕಣ್ಣಿಗೆ ಬಿತ್ತು. ಮೇಲ್ನೋಟಕ್ಕೆ ಅದರಲ್ಲಿ ವಿಶೇಷವೇನೂ ಇರಲಿಲ್ಲ. ಸುಳಿ ತಿನ್ನುವ, ಎಲೆ ಕತ್ತರಿಸುವ ಹುಳುಗಳು ಕನ್ನಡ ನಾಡಿನ ಒಕ್ಕಲಿಗರಿಗೆ ಹಳೆಯ ಪರಿಚಯ; ಜೋಳಕ್ಕೆ ದಂಡುಗಟ್ಟಿ ಬೀಳುವ ಸೈನಿಕ ಹುಳುವನ್ನು ವಿಜಯಪುರ ಸೀಮೆಯ ಹಿರಿಯರೂ ಬಲ್ಲರು. ಆದರೆ ಈ ಹುಳುವಿನ ತಲೆಯ ಮೇಲೆ ಇಂಗ್ಲಿಷಿನ ‘ವೈ’ ಅಕ್ಷರವನ್ನು ತಲೆಕೆಳಗಾಗಿ ಬರೆದಂತಹ ತಿಳಿಬಣ್ಣದ ಗೆರೆ ಇತ್ತು. ಬಾಲದ ತುದಿಗೆ ಸಮೀಪದ ಖಂಡದ ಮೇಲೆ ನಾಲ್ಕು ಕಪ್ಪು ಚುಕ್ಕೆಗಳು ಚೌಕದ ನಾಲ್ಕು ಮೂಲೆಗಳಂತೆ ಕುಳಿತಿದ್ದವು. ಹುಳುಗಳನ್ನು ಸಾಕಿ, ಪತಂಗವಾಗುವವರೆಗೆ ಕಾದು, ಪರೀಕ್ಷೆಗಳನ್ನು ನಡೆಸಿದ ಮೇಲೆ ಅದು ಅಮೆರಿಕ ಖಂಡದ ಮೂಲದ ಸ್ಪೊಡಾಪ್ಟೆರಾ ಫ್ರುಗಿಪರ್ಡ, ಅಂದರೆ ಇಂದು ಎಲ್ಲರೂ ‘ಫಾಲ್ ಸೈನಿಕ ಹುಳು’ ಎಂದು ಕರೆಯುವ ಕೀಟ ಎಂಬುದು ಖಚಿತವಾಯಿತು. ಭಾರತದಲ್ಲಿ ಅದರ ಮೊದಲ ದಾಖಲೆ ಅದೇ. ಜುಲೈ ಅಂತ್ಯದ ಹೊತ್ತಿಗೆ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ದೇಶಕ್ಕೆ ಎಚ್ಚರಿಕೆಯ ಪ್ರಕಟಣೆ ನೀಡಿತು. ಆ ವರ್ಷ ಮುಗಿಯುವ ಮೊದಲೇ ಹುಳು ಮಹಾರಾಷ್ಟ್ರದ ಕಬ್ಬಿನ ಮೇಲೆಯೂ ಕಾಣಿಸಿಕೊಂಡಿತು. 2019ರಲ್ಲಿ ಈಶಾನ್ಯದ ಮಿಜೋರಾಂ ತಲುಪಿತು. 2020ರ ಆರಂಭದಲ್ಲಿ ಅದು ಆಸ್ಟ್ರೇಲಿಯಾದಲ್ಲಿತ್ತು. ಆಫ್ರಿಕದಲ್ಲಿ ಅದನ್ನು ಮೊದಲು ಗುರುತಿಸಿದ್ದು 2016ರಲ್ಲಿ. ನಾಲ್ಕು ವರ್ಷಗಳಲ್ಲಿ ಮೂರು ಖಂಡಗಳು.

ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರಿನಷ್ಟು ಹಾರಬಲ್ಲ ಪತಂಗವನ್ನು ಯಾವ ವರದಿಯೂ ತಡೆಯಲಾರದು ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಅಲ್ಲಗಳೆಯುವಂತಿಲ್ಲ. ಆದರೆ ತಡೆಯುವುದೊಂದೇ ವರದಿಯ ಪ್ರಯೋಜನವಲ್ಲ. ಹೆಸರು ತಿಳಿಯದ ಹುಳುವಿಗೆ ರೈತ ಅಂಗಡಿಯವನ ಮಾತಿನಂತೆ ಔಷಧಿ ಹೊಡೆಯುತ್ತಾನೆ. ಹುಳು ಸುಳಿಯ ಒಳಗೆ ಹಿಕ್ಕೆಯ ಮರೆಯಲ್ಲಿ ಕುಳಿತಿರುತ್ತದೆ, ಔಷಧಿ ಎಲೆಯ ಮೇಲಿನಿಂದ ಜಾರಿ ಹೋಗುತ್ತದೆ, ಎರಡನೆಯ ಸಲ, ಮೂರನೆಯ ಸಲ ಹೊಡೆಯಲು ಸಾಲ ಮಾಡಬೇಕಾಗುತ್ತದೆ. ಹೆಸರು ತಿಳಿದ ಮೇಲೆ ಚಿತ್ರವೇ ಬೇರೆ. ಮೊಟ್ಟೆಯ ಗುಂಪುಗಳನ್ನು ಎಲೆಯ ಮೇಲೆಯೇ ಹಿಸುಕಬಹುದು, ಮರಿಹುಳುವಿನ ಹಂತದಲ್ಲಿಯೇ ಸುಳಿಗೆ ಗುರಿಯಿಟ್ಟು ಕ್ರಮ ಕೈಗೊಳ್ಳಬಹುದು. ಅದೇ 2018ರಲ್ಲಿ ಕರ್ನಾಟಕದ ಹೊಲಗಳಲ್ಲಿಯೇ ಹುಡುಕಿದಾಗ ಅದರ ಮೊಟ್ಟೆಯೊಳಗೆ ಬೆಳೆಯುವ ಟೆಲಿನೋಮಸ್, ಟ್ರೈಕೊಗ್ರಾಮ ಕಣಜಗಳೂ, ಹುಳುವನ್ನು ಕೊಲ್ಲುವ ಶಿಲೀಂಧ್ರವೂ ದೊರೆತವು. ಶತ್ರು ಹೊಸಬನಾದರೂ ಅವನ ಶತ್ರುಗಳು ಇಲ್ಲಿಯೇ ಇದ್ದರು ಎಂಬುದು ಬಹಳ ಜನರಿಗೆ ಇನ್ನೂ ತಿಳಿಯದ ಸಂಗತಿ. ಹೆಸರಿಡದ ಹೊರತು ಅವರನ್ನು ಹುಡುಕುವವರು ಯಾರು?

ಮಲೆನಾಡಿನ ಒಂದು ಪತ್ರಿಕೆ ಬಯಲುಸೀಮೆಯ ನಾಲ್ಕು ತಾಲ್ಲೂಕುಗಳ ವಿಷಯವನ್ನೇಕೆ ಎತ್ತಿಕೊಳ್ಳಬೇಕು ಎಂಬ ಪ್ರಶ್ನೆ ಸಹಜವಾದುದು. ಅದಕ್ಕೆ ಉತ್ತರವನ್ನು ನದಿಗಳೇ ನೀಡುತ್ತವೆ. ಕೃಷ್ಣೆ ಮಹಾಬಳೇಶ್ವರದಲ್ಲಿ, ಭೀಮೆ ಭೀಮಾಶಂಕರದಲ್ಲಿ, ಎರಡೂ ಸಹ್ಯಾದ್ರಿಯಲ್ಲಿ ಹುಟ್ಟುತ್ತವೆ. ಒಂದು ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೀಮೆಯ ಅಂಚನ್ನೂ, ಇನ್ನೊಂದು ಇಂಡಿ, ಸಿಂದಗಿ ಸೀಮೆಯ ಅಂಚನ್ನೂ ತೊಳೆದು ಮುಂದೆ ಸಾಗುತ್ತದೆ. ನಡುವೆ ಡೋಣಿ. ಬೆಟ್ಟದಲ್ಲಿ ನೀರಿಗೆ ಬಿದ್ದ ಬೀಜ ಬಯಲಿನ ಕೆರೆಯಲ್ಲಿ ಮೊಳೆಯುತ್ತದೆ. ಬಯಲಿನ ರಸ್ತೆಯಲ್ಲಿ ಲಾರಿಯ ಚಕ್ರಕ್ಕೆ ಅಂಟಿದ ಕೆಸರು ಘಟ್ಟದ ತಿರುವಿನಲ್ಲಿ ಉದುರುತ್ತದೆ. ಲಂಟಾನ, ಯುಪಟೋರಿಯಂ ಬೆಟ್ಟವನ್ನು ಆಕ್ರಮಿಸಿದ ಕಥೆ ಮಲೆನಾಡಿಗರಿಗೆ ಗೊತ್ತು. ಅಲ್ಲಿ ಮೊದಲ ಗಿಡವನ್ನು ಯಾರು ಯಾವಾಗ ನೋಡಿದರೋ ಯಾರೂ ಬರೆದಿಡಲಿಲ್ಲ.

ಈ ನಾಲ್ಕು ತಾಲ್ಲೂಕುಗಳ ಸ್ವರೂಪ ಕಳೆದ ಕೆಲವು ದಶಕಗಳಲ್ಲಿ ಬದಲಾಗಿದೆ. (ಇಂದು ಇವುಗಳಿಂದ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿ, ಕೊಲ್ಹಾರ ತಾಲ್ಲೂಕುಗಳು ಬೇರೆಯಾಗಿವೆ, ಇಲ್ಲಿ ಹಳೆಯ ಹೆಸರುಗಳನ್ನೇ ವಿಶಾಲ ಅರ್ಥದಲ್ಲಿ ಬಳಸಲಾಗಿದೆ.) ಮಳೆಯನ್ನೇ ನಂಬಿ ಹಿಂಗಾರಿ ಜೋಳ, ಕಡಲೆ, ಕುಸುಬೆ ಬೆಳೆಯುತ್ತಿದ್ದ ಎರೆಭೂಮಿಗೆ ಆಲಮಟ್ಟಿ ಮತ್ತು ನಾರಾಯಣಪುರ ಜಲಾಶಯಗಳ ನೀರು ಬಂದಿದೆ. ಇಂಡಿ ಶಾಖಾ ಕಾಲುವೆ, ಮುಳವಾಡ ಏತ ನೀರಾವರಿ ಮುಂತಾದವು ಒಣ ಹಳ್ಳಗಳ ನಾಡಿನಲ್ಲಿ ವರ್ಷದ ಬಹುಭಾಗ ತೇವವಿರುವ ದಾರಿಗಳನ್ನು ನಿರ್ಮಿಸಿವೆ. ನೀರಾವರಿಯನ್ನು ದೂರುವುದು ಇಲ್ಲಿನ ಉದ್ದೇಶವಲ್ಲ. ಬರಗಾಲವನ್ನು ಉಂಡ ನಾಡಿಗೆ ನೀರಿನ ಬೆಲೆಯನ್ನು ಹೊರಗಿನವರು ಕಲಿಸಬೇಕಾಗಿಲ್ಲ. ಆದರೆ ಹಿಂದೆ ಬೇಸಿಗೆಯ ಮೂರು ತಿಂಗಳ ಒಣಗಾಲವೇ ಬಹಳಷ್ಟು ಕೀಟ ಮತ್ತು ಜಲಸಸ್ಯಗಳಿಗೆ ಬೇಲಿಯಾಗಿತ್ತು. ಆ ಬೇಲಿ ಈಗ ಕಾಲುವೆಯ ಉದ್ದಕ್ಕೂ ತೆರೆದಿದೆ. ಜೊತೆಗೆ ಸಿಂದಗಿ, ವಿಜಯಪುರ, ನಿಡಗುಂದಿಗಳನ್ನು ಹಾಯುವ 50ನೆಯ ರಾಷ್ಟ್ರೀಯ ಹೆದ್ದಾರಿ, ಹಂಗಾಮಿನಲ್ಲಿ ಊರಿಂದೂರಿಗೆ ಹೋಗುವ ಕಬ್ಬು ಕಡಿಯುವ ತಂಡಗಳು, ರಾಶಿ ಯಂತ್ರಗಳು, ಮೇವಿನ ಗಾಡಿಗಳು, ನಿಂಬೆ ಮತ್ತು ದ್ರಾಕ್ಷಿಯ ಸಸಿಗಳು ಇವೆ. ಹೊಸ ಜೀವಿಗೆ ಇನ್ನೇನು ಬೇಕು?

ಕಬ್ಬಿನ ವಿಷಯ ಬಂದುದರಿಂದ 2002ರ ಘಟನೆಯನ್ನು ನೆನೆಯಬೇಕು. ಆ ವರ್ಷ ಬಿಳಿ ಉಣ್ಣೆ ಹೇನು ಮಹಾರಾಷ್ಟ್ರದ ಸಾಂಗ್ಲಿ ಭಾಗದಲ್ಲಿ ಉಲ್ಬಣಿಸಿ, ಅಲ್ಪಕಾಲದಲ್ಲಿಯೇ ಉತ್ತರ ಕರ್ನಾಟಕದ ಕಬ್ಬಿನ ಪ್ರದೇಶವನ್ನು ವ್ಯಾಪಿಸಿತು. ಎಲೆಯ ಕೆಳಗೆ ಹತ್ತಿ ಅಂಟಿಸಿದಂತೆ ಬಿಳುಪು, ಎಲೆಯ ಮೇಲೆ ಮಸಿಯಂತಹ ಕಪ್ಪು. ಬಹಳ ರೈತರು ಅದನ್ನು ಮೊದಲು ರೋಗವೆಂದೇ ಭಾವಿಸಿದ್ದರೆ ಆಶ್ಚರ್ಯವಿಲ್ಲ. ವಿಮಾನದಿಂದ ಔಷಧಿ ಸಿಂಪಡಿಸಬೇಕೆಂಬ ಕೂಗಿಗೂ ಇಂತಹ ಸಂದರ್ಭಗಳಲ್ಲಿ ಬರವಿರುವುದಿಲ್ಲ. ಆದರೆ ಹೊಲಗಳನ್ನು ನಿಧಾನವಾಗಿ ನೋಡಿದಾಗ ಆ ಬಿಳುಪಿನ ನಡುವೆಯೇ ಹೇನನ್ನು ತಿನ್ನುವ ಡೈಫಾ ಎಂಬ ಪತಂಗದ ಮರಿಹುಳುವೂ, ಮೈಕ್ರೋಮಸ್ ಎಂಬ ಕಂದು ಬಣ್ಣದ ಜಾಲರೆಕ್ಕೆಯ ಕೀಟವೂ ಕಂಡುಬಂದವು. ಅವನ್ನು ಬೆಳೆಸಿ ಹೊಲಗಳಿಗೆ ಬಿಡುವ ಕಾರ್ಯವನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಸೇರಿದಂತೆ ಹಲವು ಸಂಸ್ಥೆಗಳು ಕೈಗೊಂಡವು. ಎಲ್ಲಿ ಪರಭಕ್ಷಕಗಳು ಇದ್ದವೋ ಅಲ್ಲಿ ಔಷಧಿ ಬೇಡವೆಂಬ ಸಲಹೆ ಹೊರಟಿತು. ಆ ಸಲಹೆ ಯಾವ ಹೊಲಕ್ಕೆ ಅನ್ವಯಿಸುತ್ತದೆ, ಯಾವುದಕ್ಕಿಲ್ಲ ಎಂಬುದನ್ನು ಹೇಳಬಲ್ಲವನು ಎಲೆಯನ್ನು ಮಗುಚಿ ನೋಡಿದ ರೈತನೊಬ್ಬನೇ. ಹೇನು ಇದೆ ಎಂಬ ವರದಿ ಅರ್ಧ ವರದಿ. ಹೇನಿನ ಜೊತೆಗೆ ಇನ್ನೇನಿದೆ ಎಂಬುದು ಸೇರಿದರೆ ಮಾತ್ರ ಅದು ಪೂರ್ಣ.

ಇಲ್ಲಿ ಒಂದು ಸೂಕ್ಷ್ಮವಿದೆ. ಉಣ್ಣೆ ಹೇನು ಹೊರದೇಶದಿಂದ ಬಂದುದಲ್ಲ. ಈಶಾನ್ಯ ಭಾರತದಲ್ಲಿ ಅದು ಮೊದಲೇ ಇತ್ತು. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ‘ಆಕ್ರಮಣಕಾರಿ ಪರಕೀಯ ಪ್ರಭೇದ’ ಎಂಬ ಮಾತಿಗೆ ಮೊದಲ ಬಾರಿ ವ್ಯಾಖ್ಯೆ ದೊರೆಯಿತು. ಭಾರತದ ಮೂಲದ್ದಲ್ಲದ, ವನ್ಯಜೀವಿಗಳಿಗೆ ಅಥವಾ ಅವುಗಳ ನೆಲೆಗೆ ಅಪಾಯ ಒಡ್ಡುವ ಪ್ರಾಣಿ ಅಥವಾ ಸಸ್ಯ ಎಂಬುದು ಅದರ ಸಾರ. ಬಂದರು, ವಿಮಾನ ನಿಲ್ದಾಣಗಳಲ್ಲಿ ಸಸ್ಯ ಸಾಮಗ್ರಿಯನ್ನು ತಪಾಸಿಸಲು 2003ರ ಸಸ್ಯ ಸಂಗರೋಧ ಆದೇಶವಿದೆ. ಆದರೆ ಸಾಂಗ್ಲಿಯಿಂದ ಇಂಡಿಗೆ ಮೇವಿನ ಗಾಡಿಯಲ್ಲಿ ಬರುವ ಹೇನಿಗೆ ವನ್ಯಜೀವಿ ಕಾಯಿದೆಯೂ ಅನ್ವಯಿಸದು, ಬಂದರಿನ ತಪಾಸಣೆಯೂ ಎದುರಾಗದು. ಆ ದಾರಿಯಲ್ಲಿ ಇರುವ ಒಂದೇ ಕಾವಲು ಹೊಲದಲ್ಲಿ ಕೆಲಸ ಮಾಡುವವರ ಕಣ್ಣು. ಸರಕಾರದ ದೃಷ್ಟಿಯಲ್ಲಿ ಯಾವುದು ಪರಕೀಯ ಎಂದು ಕಾಯುತ್ತ ಕುಳಿತುಕೊಳ್ಳದೆ, ಈ ಊರಿಗೆ ಹೊಸದು ಎನಿಸಿದ್ದನ್ನೆಲ್ಲ ತಿಳಿಸುವುದೇ ಸರಿಯಾದ ಅಳತೆಗೋಲು.

ವಿದೇಶದ ಒಂದು ನಿದರ್ಶನ ಸಾಕು. ಏಷ್ಯಾ ಮೂಲದ ಉದ್ದ ಮೀಸೆಯ ಒಂದು ಕಾಂಡಕೊರಕ ದುಂಬಿ 1998ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಪತ್ತೆಯಾದುದು ವಿಜ್ಞಾನಿಗಳಿಂದಲ್ಲ, ವಿಚಿತ್ರ ದುಂಬಿಯನ್ನು ಕಂಡು ಅನುಮಾನಗೊಂಡ ಒಬ್ಬ ಸಾಮಾನ್ಯ ನಿವಾಸಿಯಿಂದ. ಸೋಂಕಿದ ಮರಗಳನ್ನು ಕಡಿದು, ವರ್ಷಗಟ್ಟಲೆ ಕಾವಲಿಟ್ಟು, 2008ರಲ್ಲಿ ಆ ನಗರ ದುಂಬಿಯಿಂದ ಮುಕ್ತವೆಂದು ಘೋಷಿಸಲಾಯಿತು. ಸಣ್ಣ ಪ್ರದೇಶದಲ್ಲಿದ್ದಾಗಲೇ ಸುದ್ದಿ ತಿಳಿದುದರಿಂದ ಮಾತ್ರ ಅದು ಸಾಧ್ಯವಾಯಿತು.

ಇದಕ್ಕೆ ವಿರುದ್ಧವಾದ ಉದಾಹರಣೆ ಹತ್ತಿರದಲ್ಲಿಯೇ ಇದೆ. ಮೆಣಸಿನಕಾಯಿಯ ಹೂವಿನಲ್ಲಿ ಗುಂಪುಗುಂಪಾಗಿ ಸೇರುವ ಕಪ್ಪು ಥ್ರಿಪ್ಸ್ ನುಸಿ ಆಗ್ನೇಯ ಏಷ್ಯಾದ ಕೀಟ. ಭಾರತದಲ್ಲಿ ಅದರ ಮೊದಲ ವರದಿ ಬಂದುದು 2015ರಲ್ಲಿ, ಬೆಂಗಳೂರಿನ ಪಪ್ಪಾಯಿ ಗಿಡದಿಂದ. 2021ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕಗಳ ಮೆಣಸಿನಕಾಯಿ ಹೊಲಗಳಲ್ಲಿ ಹೂವುಗಳು ಉದುರಿ ನೆಲ ಮುಚ್ಚಿದಾಗ ಅದು ಮನೆಮಾತಾಯಿತು. ನಡುವಿನ ಆರು ವರ್ಷಗಳಲ್ಲಿ ಅದು ಯಾವ ದಾರಿಯಿಂದ, ಯಾವ ಬೆಳೆಯ ಮೇಲೆ, ಎಷ್ಟು ದೂರ ಸಾಗಿತು ಎಂಬುದಕ್ಕೆ ಹಳ್ಳಿಗಳಿಂದ ಬಂದ ಕಿರುಟಿಪ್ಪಣಿಗಳಿದ್ದರೆ ಎಷ್ಟು ಉಪಯುಕ್ತವಾಗುತ್ತಿತ್ತು! ನುಸಿಗಳು ಎಲ್ಲ ಹೊಲದಲ್ಲಿಯೂ ಇರುತ್ತವೆಂಬ ಭಾವನೆಯೇ ಅವುಗಳಿಗೆ ರಕ್ಷಾಕವಚವಾಗುತ್ತದೆ.

ಹಾಗಾದರೆ ವರದಿ ಹೇಗಿರಬೇಕು? ಮೊದಲನೆಯ ಮಾತೆಂದರೆ ಹೆಸರು ಗೊತ್ತಿರಲೇಬೇಕಿಲ್ಲ. ‘ಇದೇನೋ ತಿಳಿಯದು’ ಎಂಬುದು ಪ್ರಾಮಾಣಿಕವಾದ, ಬೆಲೆಯುಳ್ಳ ವಾಕ್ಯ; ತಪ್ಪು ಹೆಸರನ್ನು ಊಹಿಸಿ ಬರೆಯುವುದಕ್ಕಿಂತ ಅದು ಲೇಸು. ಊರ ಹೆಸರುಗಳು ಎಷ್ಟು ದಾರಿ ತಪ್ಪಿಸುತ್ತವೆಂಬುದಕ್ಕೆ ಅಂತರಗಂಗೆಯೇ ಸಾಕ್ಷಿ. ಕಾಂಡವಿಲ್ಲದೆ, ಮಖಮಲ್ಲಿನಂತಹ ಎಲೆಗಳ ಸಣ್ಣ ಕೋಸಿನಂತೆ ತೇಲುವ ಗಿಡವನ್ನೂ ಅಂತರಗಂಗೆ ಎನ್ನುತ್ತಾರೆ. ಉಬ್ಬಿದ ಎಲೆತೊಟ್ಟು, ನೇರಳೆ ಹೂಗೊಂಚಲು ಇರುವ ದಕ್ಷಿಣ ಅಮೆರಿಕದ ಜಲಕಳೆಯನ್ನೂ ಅಂತರಗಂಗೆ ಎನ್ನುತ್ತಾರೆ. ಎರಡನೆಯದನ್ನು ತಿನ್ನುವ ಮೂತಿಹುಳುಗಳನ್ನು 1980ರ ದಶಕದಲ್ಲಿಯೇ ಬೆಂಗಳೂರಿನಲ್ಲಿ ಬಿಡಲಾಗಿತ್ತು. ಅವು ಮೊದಲನೆಯದಕ್ಕೆ ಉಪಯೋಗವಾಗವು. ಕೆರೆಯಲ್ಲಿ ಅಂತರಗಂಗೆ ಬಂದಿದೆ ಎಂದಷ್ಟೇ ಬರೆದ ಪತ್ರದಿಂದ ಅಧಿಕಾರಿಯೇನು ಮಾಡಬೇಕು? ‘ಜಾಲಿ’ ಎಂಬ ಮಾತೂ ಹಾಗೆಯೇ. ಈ ನೆಲದ ಕರಿಜಾಲಿ ಬೇರೆ, ಹತ್ತೊಂಬತ್ತನೆಯ ಶತಮಾನದಲ್ಲಿ ಹೊರಗಿನಿಂದ ತಂದ ಬಳ್ಳಾರಿ ಜಾಲಿ ಬೇರೆ. ಆದುದರಿಂದ ಊರ ಹೆಸರಿನ ಜೊತೆಗೆ ಚಿತ್ರವೂ ಇರಬೇಕು, ವಿವರಣೆಯೂ ಇರಬೇಕು.

ಚಿತ್ರವನ್ನು ಇಂದು ಎಲ್ಲರ ಕೈಯಲ್ಲಿರುವ ಫೋನಿನಿಂದಲೇ ತೆಗೆಯಬಹುದು, ಆದರೆ ಬಹುತೇಕ ಚಿತ್ರಗಳು ಉಪಯೋಗಕ್ಕೆ ಬಾರದಿರುವುದು ಒಂದೇ ದೂರದ ಚಿತ್ರ ಇರುವ ಕಾರಣದಿಂದ. ಹುಳುವಾದರೆ ತಲೆಯ ಕಡೆಯಿಂದ, ಮೇಲಿನಿಂದ, ಬಾಲದ ಕಡೆಯಿಂದ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವನ್ನಿಟ್ಟು ತೆಗೆಯಬೇಕು. ಶಿವಮೊಗ್ಗದ ಹುಳುವಿನ ಗುರುತು ತಲೆಯಲ್ಲಿಯೂ ಬಾಲದಲ್ಲಿಯೂ ಇತ್ತೆಂಬುದನ್ನು ನೆನೆದರೆ ಕಾರಣ ಸ್ಪಷ್ಟವಾಗುತ್ತದೆ. ಸಸ್ಯವಾದರೆ ಹೂ, ಕಾಯಿ, ಎಲೆಯ ಎರಡೂ ಬದಿ, ತೊಟ್ಟು, ಇಡೀ ಗಿಡ. ಅದರೊಡನೆ ದಿನಾಂಕ, ಗ್ರಾಮ, ಹೊಲ ಇರುವ ದಿಕ್ಕು, ಬೆಳೆ ಮತ್ತು ಅದರ ವಯಸ್ಸು, ಸಾಲಿನಲ್ಲಿ ಇಪ್ಪತ್ತು ಗಿಡ ನೋಡಿದರೆ ಎಷ್ಟರಲ್ಲಿ ಕಂಡಿತು, ಬೀಜ ಅಥವಾ ಸಸಿ ಅಥವಾ ಮೇವು ಎಲ್ಲಿಂದ ಬಂದಿತ್ತು, ಈಗಾಗಲೇ ಯಾವ ಔಷಧಿ ಹೊಡೆದಾಗಿದೆ ಎಂಬ ವಿವರಗಳು ಬೇಕು. ಇಪ್ಪತ್ತು ಗಿಡದ ಲೆಕ್ಕ ಅತಿ ಮುಖ್ಯ. ‘ಹೊಲವೆಲ್ಲ ಹಾಳಾಗಿದೆ’ ಎಂಬುದು ಸಂಕಟದ ಮಾತು, ಅಳತೆಯ ಮಾತಲ್ಲ. ಮುಂದಿನ ವಾರ ಅದೇ ಹೊಲದಲ್ಲಿ ಮತ್ತೆ ಇಪ್ಪತ್ತು ಗಿಡ ನೋಡಿದಾಗ ಮಾತ್ರ ಏರಿತೋ ಇಳಿಯಿತೋ ತಿಳಿಯುತ್ತದೆ.

ಮಾದರಿಯನ್ನು ಒಯ್ಯುವಾಗ ವಿಶೇಷ ಜಾಗರೂಕತೆ ಅಗತ್ಯ. ಜೀವಂತ ಹುಳುವನ್ನು ಬಸ್ಸಿನಲ್ಲಿ ತಾಲ್ಲೂಕು ಕೇಂದ್ರಕ್ಕೆ ತೆಗೆದುಕೊಂಡು ಹೋಗಿ ತೋರಿಸುವ ಉತ್ಸಾಹವೇ ಅದನ್ನು ಹರಡುವ ದಾರಿಯಾಗಬಾರದು. ಬಿಗಿ ಮುಚ್ಚಳದ ಶೀಶೆಯಲ್ಲಿ ಸ್ಪಿರಿಟ್ ಹಾಕಿ ಮುಳುಗಿಸಿದರೆ ಸಾಕು. ಬೀಜವಿರುವ ಕಳೆಯನ್ನು ಕಿತ್ತು ಚೀಲಕ್ಕೆ ಹಾಕುವ ಮೊದಲು ಹೂ, ಕಾಯಿಗಳನ್ನು ಕಾಗದದಲ್ಲಿ ಸುತ್ತಬೇಕು. ವಿಚಿತ್ರ ಮೀನು ಬಲೆಗೆ ಬಿದ್ದರೆ ಅದನ್ನು ಮರಳಿ ನೀರಿಗೆ ಬಿಡದೆ, ಚಿತ್ರ ತೆಗೆದು, ಮಂಜುಗಡ್ಡೆಯಲ್ಲಿ ಇಡುವುದು ಒಳಿತು; ಆಲಮಟ್ಟಿ, ನಾರಾಯಣಪುರ ಹಿನ್ನೀರಿನ ಮೀನುಗಾರರ ಅನುಭವ ಈ ವಿಷಯದಲ್ಲಿ ಯಾವ ಗ್ರಂಥಕ್ಕೂ ಕಡಿಮೆಯದಲ್ಲ.

ತಪ್ಪು ವರದಿಯ ಭಯ ಅನೇಕರನ್ನು ಸುಮ್ಮನಿರಿಸುತ್ತದೆ. 2020ರ ಮೇ ತಿಂಗಳಲ್ಲಿ ಮರುಭೂಮಿ ಮಿಡತೆಗಳ ದಂಡು ಮಹಾರಾಷ್ಟ್ರದ ವಿದರ್ಭದವರೆಗೆ ಬಂದಾಗ ಕರ್ನಾಟಕದ ಉತ್ತರ ಗಡಿ ಜಿಲ್ಲೆಗಳಲ್ಲಿ ಎಚ್ಚರಿಕೆ ಹೊರಟಿತ್ತು. ಆಗ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಎಕ್ಕದ ಗಿಡಗಳ ಮೇಲೆ ಮಿಡತೆಗಳ ಗುಂಪು ಕಂಡು ಜನ ಗಾಬರಿಯಾದರು. ಅಧಿಕಾರಿಗಳು ಬಂದು ನೋಡಿದರು. ಅವು ಮರುಭೂಮಿ ಮಿಡತೆಗಳಲ್ಲವೆಂದು ತಿಳಿಸಿದರು. ಹಳದಿ ನೀಲಿ ಪಟ್ಟೆಗಳ ಎಕ್ಕದ ಮಿಡತೆ ಎರೆಭೂಮಿಯ ಮಕ್ಕಳಿಗೂ ಗೊತ್ತಿರುವ ಕೀಟವೇ. ಇದರಿಂದ ಯಾರಿಗೆ ಏನು ನಷ್ಟವಾಯಿತು? ಒಂದು ದಿನದ ಪ್ರಯಾಣ. ತಿಳಿಸದೆ ಉಳಿದ ಒಂದು ನಿಜವಾದ ಆಗಮನದ ನಷ್ಟದೊಡನೆ ಇದನ್ನು ತೂಗಿ ನೋಡಬಹುದು. ವರದಿ ನೀಡಿದವನನ್ನು ನಕ್ಕು ಕಳಿಸುವ ಕಚೇರಿಯೇ ಮುಂದಿನ ಹತ್ತು ವರದಿಗಳನ್ನು ಕೊಲ್ಲುತ್ತದೆ.

ಆದರೂ ನೋಡಿದ್ದನ್ನು ನೋಡಿದಷ್ಟೇ ಹೇಳುವ ಶಿಸ್ತು ಬೇಕೆಂಬುದಕ್ಕೆ ಸೂರ್ಯಕಾಂತಿಯ ಪ್ರಸಂಗವನ್ನು ಹೇಳಲೇಬೇಕು. ಪಾರ್ಥೇನಿಯಂ ಕಳೆಯನ್ನು 1955ರಲ್ಲಿ ಪುಣೆಯಲ್ಲಿ ಗುರುತಿಸಿದ ನಂತರದ ದಶಕಗಳಲ್ಲಿ ಅದು ದೇಶವನ್ನೆಲ್ಲ ವ್ಯಾಪಿಸಿತು. (ಜನ ಅದಕ್ಕೆ ಕಾಂಗ್ರೆಸ್ ಕಸ ಎಂದು ಹೆಸರಿಟ್ಟರು, ಬಿಳಿಯ ಹೂ ಬಿಳಿಯ ಟೊಪ್ಪಿಗೆಯನ್ನು ನೆನಪಿಸಿತೆನ್ನುತ್ತಾರೆ. ಗಿಡಕ್ಕೆ ಯಾವ ಪಕ್ಷವೂ ಇಲ್ಲ.) ಅದರ ಎಲೆಯನ್ನು ತಿನ್ನುವ ದುಂಬಿಯನ್ನು 1983ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ತಂದು, ಪರೀಕ್ಷೆಗಳ ನಂತರ ಹೊರಗೆ ಬಿಡಲಾಯಿತು. ಕೆಲವು ವರ್ಷಗಳಲ್ಲಿ ಆ ದುಂಬಿ ಸೂರ್ಯಕಾಂತಿಯ ಎಲೆಯನ್ನು ತಿನ್ನುತ್ತಿದೆ ಎಂಬ ದೂರು ಬಂತು. ವಿಷಯ ಸಣ್ಣದಾಗಿರಲಿಲ್ಲ, ಉತ್ತರ ಕರ್ನಾಟಕದ ಒಣಬೇಸಾಯಕ್ಕೆ ಸೂರ್ಯಕಾಂತಿ ಆಗ ದೊಡ್ಡ ಆಸರೆ. ಕೇಂದ್ರ ಸರಕಾರ ಸತ್ಯಶೋಧನಾ ಸಮಿತಿ ನೇಮಿಸಿತು, ದುಂಬಿಯನ್ನು ಬಿಡುವುದು ನಿಂತಿತು. ಮುಂದೆ ನಡೆದ ಅಧ್ಯಯನದಲ್ಲಿ ತಿಳಿದುದೇನೆಂದರೆ, ಹೊಲದ ಬದುವಿನ ಪಾರ್ಥೇನಿಯಂನಿಂದ ಪರಾಗ ಹಾರಿ ಸೂರ್ಯಕಾಂತಿಯ ಎಲೆಯ ಮೇಲೆ ಕುಳಿತಾಗ, ಆ ಪರಾಗದ ಸೆಳೆತಕ್ಕೆ ದುಂಬಿ ಆ ಎಲೆಯನ್ನು ಕಚ್ಚುತ್ತದೆ. ದೂರು ಕೊಟ್ಟ ರೈತರು ಕಂಡದ್ದು ಸುಳ್ಳಾಗಿರಲಿಲ್ಲ. ಆದರೆ ದುಂಬಿ ಕುಳಿತಿದೆ, ದುಂಬಿ ತಿನ್ನುತ್ತಿದೆ, ದುಂಬಿ ಮೊಟ್ಟೆಯಿಟ್ಟು ಸಂಸಾರ ಮಾಡುತ್ತಿದೆ ಎಂಬ ಮೂರು ಮಾತುಗಳು ಬೇರೆ ಬೇರೆ. ಬದುವಿನಲ್ಲಿ ಆಗ ಪಾರ್ಥೇನಿಯಂ ಹೂ ಬಿಟ್ಟಿತ್ತೇ ಎಂಬ ಒಂದು ಸಾಲು ಮೊದಲ ದೂರಿನಲ್ಲಿಯೇ ಇದ್ದಿದ್ದರೆ ಹುಡುಕಾಟ ಎಷ್ಟೋ ಬೇಗ ಮುಗಿಯಬಹುದಾಗಿತ್ತು.

ಈಗಾಗಲೇ ಬೇರೂರಿದ ಜೀವಿಗಳ ಬಗ್ಗೆ ವರದಿಯ ಅಗತ್ಯವೇನೆಂದು ಕೇಳಬಹುದು. ಬಳ್ಳಾರಿ ಜಾಲಿ ಇದೆ ಎಂದು ಯಾರೂ ಯಾರಿಗೂ ತಿಳಿಸಬೇಕಾಗಿಲ್ಲ. ಅದನ್ನು ಸಂಪೂರ್ಣ ನಿರ್ಮೂಲ ಮಾಡುವ ಮಾತು ವಾಸ್ತವಕ್ಕೆ ದೂರ. ಬಡವರ ಒಲೆ ಅದರಿಂದಲೇ ಉರಿಯುತ್ತಿರುವ ಊರುಗಳಿವೆ. ಇಂತಹವುಗಳಲ್ಲಿ ಬೇಕಾದುದು ಅಂಚಿನ ಸುದ್ದಿ. ಯಾವ ಗೋಮಾಳದಲ್ಲಿ ಅದು ಇನ್ನೂ ಕಾಲಿಟ್ಟಿಲ್ಲ, ಯಾವ ಕೆರೆಯ ಏರಿಯಲ್ಲಿ ಈ ವರ್ಷ ಮೊದಲ ಸಸಿ ಕಂಡಿತು, ಕುರಿ ಹಿಂಡು ತಂಗಿದ ಯಾವ ಹೊಲದಲ್ಲಿ ಹಿಕ್ಕೆಯಿಂದ ಮೊಳಕೆ ಬಂದಿದೆ. ‘ಇಲ್ಲಿ ಇಲ್ಲ’ ಎಂಬುದೂ ಬರೆದಿಡಬೇಕಾದ ಸಂಗತಿ. ಕುರಿಗಾರರು ಈ ಲೆಕ್ಕವನ್ನು ಎಲ್ಲರಿಗಿಂತ ಚೆನ್ನಾಗಿ ಹೇಳಬಲ್ಲರು, ಅವರನ್ನು ಕೇಳುವವರಿಲ್ಲ ಅಷ್ಟೆ.

ಯಾರಿಗೆ ತಿಳಿಸುವುದು? ಹೋಬಳಿಯ ರೈತ ಸಂಪರ್ಕ ಕೇಂದ್ರ ಮೊದಲ ಬಾಗಿಲು. ವಿಜಯಪುರದ ಹಿಟ್ನಳ್ಳಿಯ ಕೃಷಿ ಮಹಾವಿದ್ಯಾಲಯದ ಆವರಣದಲ್ಲಿ ತಜ್ಞರಿದ್ದಾರೆ, ಇಂಡಿಯಲ್ಲಿಯೂ ಕೃಷಿ ವಿಜ್ಞಾನ ಕೇಂದ್ರವಿದೆ. ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಕರೆ ಉಚಿತ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ಕೀಟ ಕಣ್ಗಾವಲು ವ್ಯವಸ್ಥೆಯ ಮೊಬೈಲ್ ಆ್ಯಪನ್ನು ಬಿಡುಗಡೆ ಮಾಡಿದೆ. ಚಿತ್ರ ಕಳಿಸಿದರೆ ಯಂತ್ರವೇ ಕೀಟವನ್ನು ಗುರುತಿಸಲು ಯತ್ನಿಸುತ್ತದೆ. ಆದರೆ ಯಂತ್ರಕ್ಕೆ ತಿಳಿದಿರುವುದು ಅದಕ್ಕೆ ಕಲಿಸಿದ ಕೀಟಗಳು ಮಾತ್ರ. ಇದುವರೆಗೆ ಯಾರೂ ನೋಡದ ಕೀಟಕ್ಕೆ ಅದು ಹಳೆಯ ಹೆಸರನ್ನೇ ಹೇಳುವ ಸಾಧ್ಯತೆ ಇರುವುದರಿಂದ, ಅದರ ಉತ್ತರ ಕಣ್ಣಿಗೆ ಕಂಡದ್ದಕ್ಕೆ ಹೊಂದದಿದ್ದರೆ ಮನುಷ್ಯ ತಜ್ಞರ ಬಳಿಗೇ ಹೋಗಬೇಕು. ಬೆಳೆಯಲ್ಲದ ಗಿಡ, ಮೀನು, ಬಸವನಹುಳು ಮುಂತಾದವುಗಳಿಗೆ 2002ರ ಜೈವಿಕ ವೈವಿಧ್ಯ ಕಾಯಿದೆಯಡಿ ರಚನೆಯಾದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಇವೆ. ಅನೇಕ ಪಂಚಾಯಿತಿಗಳಲ್ಲಿ ಅವು ಕಾಗದದ ಮೇಲಷ್ಟೇ ಇವೆ ಎಂಬುದು ಕಹಿ ಸತ್ಯ. ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ‘ಹೊಸದಾಗಿ ಬಂದವು’ ಎಂದು ಒಂದು ಪುಟ ತೆರೆಯಲು ಯಾವ ಆದೇಶವೂ ಬೇಕಿಲ್ಲ.

ಎರಡು ಷರತ್ತುಗಳನ್ನು ಜನರು ಒಡ್ಡಲೇಬೇಕು. ವರದಿ ಕೊಟ್ಟ ರೈತನ ಹೆಸರು ಮಾರುಕಟ್ಟೆಯಲ್ಲಿ ಹರಡಬಾರದು. ತನ್ನ ನಿಂಬೆತೋಟದಲ್ಲಿ ಹೊಸ ಕೀಟ ಇದೆಯೆಂದು ಹೇಳಿದವನ ಹಣ್ಣಿಗೆ ದಲಾಲಿ ಬೆಲೆ ಇಳಿಸುವುದಾದರೆ ಮುಂದೆ ಯಾರೂ ಬಾಯಿ ಬಿಡಲಾರರು. ಗ್ರಾಮದ ಹೆಸರು ಸಾಕು, ಸರ್ವೆ ನಂಬರು ತಜ್ಞರ ಕಡತದಲ್ಲಿರಲಿ. ಎರಡನೆಯದು, ಉತ್ತರ ಬರಬೇಕು. ‘ಪರೀಕ್ಷಿಸಲಾಯಿತು, ಇದು ಹಳೆಯ ಕೀಟ, ಹೆದರುವ ಕಾರಣವಿಲ್ಲ’ ಎಂಬ ಎರಡು ಸಾಲಿನ ಉತ್ತರವನ್ನು ಗ್ರಾಮ ಪಂಚಾಯಿತಿಯ ಫಲಕಕ್ಕೆ ಅಂಟಿಸಿದರೆ ಅದನ್ನು ಇಡೀ ಊರು ಓದುತ್ತದೆ. ಉತ್ತರ ಬಾರದಿದ್ದರೆ ಹದಿನೈದು ದಿನಕ್ಕೆ ಮತ್ತೊಂದು ಪತ್ರ, ಅದೇ ವಿವರ, ಹೊಸ ಲೆಕ್ಕದೊಡನೆ.

ಕಾಲವನ್ನು ಹೊರಗಿನವರು ಗೊತ್ತುಮಾಡಬೇಕಾಗಿಲ್ಲ, ಒಕ್ಕಲುತನದ ಪಂಚಾಂಗದಲ್ಲಿಯೇ ಅದು ಇದೆ. ಮುಂಗಾರಿನ ಮೊದಲ ಮಳೆಗಳ ನಂತರ ಕಾಲುವೆಯ ದಂಡೆ, ರಾಶಿ ಯಂತ್ರ ನಿಂತ ಜಾಗ, ಗೊಬ್ಬರದ ತಿಪ್ಪೆ ಇವುಗಳ ಸುತ್ತ ಅಪರಿಚಿತ ಮೊಳಕೆಗಳು ಕಾಣುತ್ತವೆ. ಮೆಕ್ಕೆಜೋಳ ಮೊಣಕಾಲೆತ್ತರ ಬರುವ ಮೊದಲೇ ಸುಳಿ ಬಿಡಿಸಿ ನೋಡಬೇಕು. ಕಬ್ಬಿನ ಎಲೆಯನ್ನು ಮಳೆಗಾಲ ಹಿಂದೆ ಸರಿಯುತ್ತಿದ್ದಂತೆ ಮಗುಚಬೇಕು. ಇನ್ನು ಎಳ್ಳ ಅಮಾವಾಸ್ಯೆಯಂದು ಚರಗ ಚೆಲ್ಲಲು ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹಿಂಗಾರಿ ಹೊಲಕ್ಕೆ ಹೋಗುವ ಪದ್ಧತಿ ಈ ಸೀಮೆಯಲ್ಲಿದೆ. ಹೊಲದ ನಾಲ್ಕೂ ಬದುಗಳನ್ನು ಸುತ್ತುವ, ಮುದುಕರಿಂದ ಮಕ್ಕಳವರೆಗೆ ಎಲ್ಲರ ಕಣ್ಣೂ ಬೆಳೆಯ ಮೇಲಿರುವ ದಿನವದು. ಶಾಲೆಯ ಶಿಕ್ಷಕರು ಅದರ ಹಿಂದಿನ ದಿನ ಪ್ರತಿ ಮಗುವಿಗೆ ಒಂದೊಂದು ಹಾಳೆ ಕೊಟ್ಟು, ಅಜ್ಜ ಅಜ್ಜಿಯರು ‘ಇದನ್ನು ಹಿಂದೆ ನೋಡಿರಲಿಲ್ಲ’ ಎಂದು ಹೇಳುವ ಗಿಡ, ಹುಳು ಯಾವುದಾದರೂ ಇದ್ದರೆ ಅದರ ಚಿತ್ರ ಬಿಡಿಸಿ, ಹೊಲದ ಹೆಸರು ಬರೆದು ತರಲು ಹೇಳಬಹುದು. ಮರುದಿನ ಆ ಹಾಳೆಗಳನ್ನು ಊರುವಾರು ವಿಂಗಡಿಸಿ, ಒಂದೇ ಹುಳು ಎರಡು ಊರುಗಳ ಹಾಳೆಗಳಲ್ಲಿ ಬಂದಿದ್ದರೆ ಅದನ್ನು ಮೇಲಿಟ್ಟು, ರೈತ ಸಂಪರ್ಕ ಕೇಂದ್ರಕ್ಕೆ ತಲುಪಿಸಬೇಕು.